ಯಾರ ಹೆಗಲಿಗೆ ಈ ಗಿಟಾರು

ಮಕ್ಕಳಕೂಟದ ಸಿಗ್ನಲ್ಲಿನಲ್ಲಿ ಹೇಳಿಬಿಡೋಣ ಅಂತ ಶ್ರೀವಿದ್ಯಾ ಅಂದುಕೊಂಡಿದ್ದಳು. ಸಿಗ್ನಲ್ಲು ಕೆಂಪಾಯಿತು, ಆಟೋ ನಿಂತಿತು, ಪಕ್ಕದಲ್ಲಿ ವಂಶಿ ತೊಡೆಯ ಮೇಲೆ ಬೆರಳಿನಿಂದ ಏನೋ ತಾಳ ಕುಟ್ಟಿಕೊಂಡು ಕೂತಿದ್ದ, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಅಂತಲೂ ಅನ್ನಿಸಿತು. ಆದರೆ ಆಟೋದವನು ಕೇಳಿಸಿಕೊಂಡರೆ? ಕೇಳಿಸಿಕೊಂಡರೆ ಏನಂತೆ, ಅವನೇನು ನೆಂಟನೇ? ಈ ವಾದ ಮುಗಿಯುವುದರೊಳಗೆ ಸಿಗ್ನಲ್ಲು ಹಸಿರಾಯಿತು. ಸಜ್ಜನರಾವ್ ಸರ್ಕಲ್ಲಿನ ಹತ್ತಿರ ಹೇಳೋಣ ಅಂತ ಮುಂದಕ್ಕೆ ಹಾಕಿದಳು. ಹೇಳಬೇಕಾದದ್ದಾದರೂ ಏನು ರಾಜರಹಸ್ಯ? 'ವಂಶಿ, ಆ ಗಿಟಾರು ನಿನಗಲ್ಲ ಕಣೋ, ನನಗೆ.' ಅಷ್ಟೇ. ಇಷ್ಟು ವರ್ಷ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿದ ಬಾಯಿ, ಕೊನೇ ಬೆಂಚಿನ ಗಲಾಟೆಯನ್ನು ಒಂದೇ ಮಾತಿನಲ್ಲಿ ಅಡಗಿಸುವ ಬಾಯಿ, ಈ ವಾಕ್ಯದಲ್ಲಿ 'ನಿನಗಲ್ಲ' ಅನ್ನುವವರೆಗೆ ಹೇಗೋ ಹೋಗುತ್ತಿತ್ತು. ಕೊನೆಯ ಪದಕ್ಕೆ ಬಂದು ನಿಂತುಬಿಡುತ್ತಿತ್ತು. ಸಜ್ಜನರಾವ್ ಸರ್ಕಲ್ಲೂ ಬಂತು, ಹೋಯಿತು.

"ಯಾಕೆ ಚಿಕ್ಕಮ್ಮ ಸುಮ್ನಾಗ್ಬಿಟ್ಟೆ? ಭುಜ ನೋಯ್ತಿದ್ಯಾ?" ಅಂದ ವಂಶಿ.

"ಇಲ್ಲಪ್ಪ."

"ಬೀಟೆ ಮರ ಇದ್ರೆ ಅದೇ ಹಾಕ್ಸೋಣ. ನಿನ್ನೆಯೆಲ್ಲ ಅದನ್ನೇ ಓದ್ತಾ ಇದ್ದೆ. ಮರ ಭಾರ ಇದ್ದಷ್ಟೂ ನಾದ ಜಾಸ್ತಿ ಹೊತ್ತು ನಿಲ್ಲತ್ತಂತೆ."

ಅದು ಪೂರ್ತಿ ಹಾಗಲ್ಲ ಅಂತ ಅವಳು ಹೇಳಬಹುದಿತ್ತು. ತಂತಿ ನಡುಗಿದ್ದನ್ನು ಕೆಳಗಿರುವ ಅಯಸ್ಕಾಂತ ಹಿಡಿದುಕೊಳ್ಳುತ್ತದೆ, ಮರದ್ದು ಅಲ್ಲಿ ಎಷ್ಟು ಪಾಲು ಅನ್ನುವುದು ಇನ್ನೂ ಜಗಳದ ವಿಷಯವೇ ಅಂತ ಬೋರ್ಡಿನ ಮುಂದೆ ನಿಂತ ಹಾಗೆ ವಿವರಿಸಬಹುದಿತ್ತು. ಆದರೆ ಹುಡುಗನ ಮುಖ ನೋಡಿದರೆ ಯಾವ ವಾದವೂ ಬೇಡ ಅನ್ನಿಸಿತು. ಬ್ಯಾಂಕಿನ ವೈಯಾಲಿಕಾವಲ್ ಶಾಖೆಯಲ್ಲಿ ದಿನವಿಡೀ ಕೌಂಟರಿನ ಹಿಂದೆ ಕೂತು ಬರುವ ಹುಡುಗ, ಬರುಬರುತ್ತ ಅವನ ಅಪ್ಪನ ಹಾಗೆಯೇ ಭುಜ ಇಳಿಬಿಟ್ಟುಕೊಂಡು ನಡೆಯಲು ಶುರುಮಾಡಿದ್ದ. ಈ ಒಂದು ವಾರದಿಂದ ನೆಟ್ಟಗೆ ನಡೆಯುತ್ತಿದ್ದಾನೆ. ಅದೂ ತನ್ನಿಂದಲೇ. ಅವಳು ಹೊರಗೆ ನೋಡಿದಳು.

ಎಡವಟ್ಟು ಶುರುವಾದದ್ದು ಹೋದ ತಿಂಗಳು, ಮಾವಳ್ಳಿಗೆ ಅವಳು ಒಬ್ಬಳೇ ಹೋದಾಗ. ಅಲ್ಲಿ ಅನಿಲ್ ಕುಮಾರ್ ಅನ್ನುವವನೊಬ್ಬ ಎಲೆಕ್ಟ್ರಿಕ್ ಗಿಟಾರುಗಳನ್ನು ಕೈಯಲ್ಲೇ ಮಾಡಿಕೊಡುತ್ತಾನೆ, ಬೇಕಾದ ಮರ, ಬೇಕಾದ ಅಳತೆ ಅಂತ ಕಾಲೇಜಿನ ಹುಡುಗಿ ಮಾನ್ಯ ಯಾವುದೋ ಮಾತಿಗೆ ಹೇಳಿದ್ದಳು. ಶ್ರೀವಿದ್ಯಾ ಕೇಳಿಸಿಕೊಳ್ಳದವಳ ಹಾಗೆ ನಟಿಸಿ ಚೆನ್ನಾಗಿ ಕೇಳಿಸಿಕೊಂಡಿದ್ದಳು. ಲಾಲ್‌ಬಾಗಿನ ಕಡೆಯ ಗಲ್ಲಿಯಲ್ಲಿ ಗೇಟು, ಗೇಟಿನ ಹಿಂದೆ ಶೆಡ್ಡು, ಶೆಡ್ಡಿನ ಮುಂದೆ ಮೊಣಕೈವರೆಗೆ ಮರದ ಪುಡಿ ಮೆತ್ತಿಕೊಂಡ ನಲವತ್ತರ ಆಸಾಮಿ. "ಬನ್ನಿ ಮೇಡಂ, ಯಾರಿಗೆ?" ಅಂದ. ಎಷ್ಟು ಸಲೀಸಾದ ಪ್ರಶ್ನೆ. "ನಮ್ಮ ಹುಡುಗನಿಗೆ," ಅಂದಿತು ಅವಳ ಬಾಯಿ. ಬಾಯಿ ಅಂದಿತು ಅನ್ನಬೇಕೇ ಹೊರತು ಅವಳು ಅಂದಳು ಅನ್ನುವ ಹಾಗಿಲ್ಲ. ಆ ಬಾಯಿಗೆ ಅದೇ ಅಭ್ಯಾಸ. ಸೀರೆ ಸ್ವಲ್ಪ ಜೋರಾಗಿದ್ದರೆ ಅದು ಗೌರಿಹಬ್ಬಕ್ಕೆ. ಚಪ್ಪಲಿ ಒಳ್ಳೆಯದಾಗಿದ್ದರೆ ಡಾಕ್ಟರು ಹೇಳಿದ್ದಕ್ಕೆ. ಗಾಂಧಿಬಜಾರಿನಲ್ಲಿ ಮಸಾಲೆದೋಸೆ ತಿಂದರೆ ಜೊತೆಗೆ ಬಂದವರಿಗೆ ಹಸಿವಾಗಿದ್ದಕ್ಕೆ. ಅವಳ ಅಮ್ಮ ಹಾಗೆಯೇ ಬದುಕಿದ್ದು, ಅತ್ತೆ ಹಾಗೆಯೇ ಬದುಕಿದ್ದು. ಅತ್ತೆಯಂತೂ ಸಾಯುವ ವಾರ ಎಳನೀರು ಬೇಕು ಅನ್ನಿಸಿದಾಗಲೂ 'ಬಿಸಿಲು ಜಾಸ್ತಿ, ನೀವೆಲ್ಲ ಎಳನೀರು ಕುಡೀರೇ' ಅಂದಿದ್ದರು. ಎಲ್ಲರೂ ಕುಡಿದರು. ಅವರಿಗೂ ಒಂದು ಲೋಟ ಸಿಕ್ಕಿತು.

"ಮೆಟಲ್ ನುಡಿಸ್ತಾರಾ?" ಅಂತ ಅನಿಲ್ ಕುಮಾರ್ ಮುಂದುವರಿಸಿದ್ದ. "ಹೂಂ, ಅದೇ," ಅಂದಳು, ಅದೇನು ಅಂತ ಗೊತ್ತಿಲ್ಲದೆ. ಸುಳ್ಳು ಒಂದು ಸಲ ಹೊರಟಿತು ಅಂದರೆ ಅದಕ್ಕೆ ಕೈಕಾಲು ತಾನಾಗಿ ಮೂಡುತ್ತವೆ: ಹುಡುಗನಿಗೆ ಇಪ್ಪತ್ತೇಳು, ಒಳ್ಳೆ ಎತ್ತರ, ದೊಡ್ಡ ಕೈ. ಅವನು ತಲೆದೂಗಿ, "ಹಾಗಿದ್ರೆ ಒಂದ್ಸಲ ಕರ್ಕೊಂಡ್ಬನ್ನಿ ಮೇಡಂ. ನುಡಿಸೋರ ಕೈ ನೋಡ್ದೆ, ಹೆಗಲು ನೋಡ್ದೆ ನಾನು ಮರ ಮುಟ್ಟಲ್ಲ," ಅಂದುಬಿಟ್ಟ. ತಾನು ಕೇಳಬೇಕೆಂದಿದ್ದದ್ದು, ಹೆಗಲು ಹಿಡಿದುಕೊಂಡ ಹೆಂಗಸಿಗೆ ಹಗುರವಾದದ್ದೊಂದು ಆಗುತ್ತದೆಯೇ, ಸಣ್ಣ ಕೈಗೆ ನೆಕ್ಕು, ಅಂದರೆ ಗಿಟಾರಿನ ಕತ್ತು, ಸಣ್ಣದು ಮಾಡಲಾದೀತೇ ಅನ್ನುವುದು, ಗಂಟಲಲ್ಲೇ ಉಳಿಯಿತು. ಗೇಟಿನಾಚೆ ಬಂದ ಮೇಲೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೆ ಅವಳು ಮಾಡಿದ್ದು ಇನ್ನೂ ಜಾಣತನದ ಕೆಲಸ. ವಂಶಿ ಅವಳ ಭಾವ ಶೀನಣ್ಣನ ಮಗ, ಚಾಮರಾಜಪೇಟೆಯ ಮನೆಯ ಕೆಳಗಿನ ಭಾಗದಲ್ಲಿ ಅವರು, ಮೇಲೆ ಇವಳೂ ಗಂಡ ಶೇಷಾದ್ರಿಯೂ. ವಂಶಿಯನ್ನು ಹೇಗೋ ಕರೆದುಕೊಂಡು ಹೋಗುವುದು, ದಾರಿಯಲ್ಲಿ ನಿಜ ಹೇಳುವುದು, ಅವನು ನಕ್ಕು 'ಆಯ್ತು ಬಾ, ನಾನು ಹೇಳ್ತೀನಿ ಅವರಿಗೆ' ಅನ್ನುವುದು, ತನ್ನ ಕೆಲಸ ಅವನ ಬಾಯಲ್ಲಿ ಆಗಿಹೋಗುವುದು. ಹೀಗೆ ಲೆಕ್ಕ ಹಾಕಿ ಫೋನು ಮಾಡಿ, "ಶನಿವಾರ ಮಾವಳ್ಳಿಗೆ ಬರ್ತೀಯೇನೋ, ಗಿಟಾರು ಮಾಡೋರ ಹತ್ರ ಸ್ವಲ್ಪ ಕೆಲಸ ಇತ್ತು, ಅವರು ನಿನ್ನ ಕೈ ನೋಡ್ಬೇಕಂತೆ," ಅಂದಳು. ಲೈನು ಕಟ್ಟಾಯಿತೇನೋ ಅಂತ ಹಲೋ ಹಲೋ ಅಂದಳು. "ಚಿಕ್ಕಮ್ಮ," ಅಂದ ಅವನು, ದನಿ ಒಂಥರಾ ಆಗಿತ್ತು. "ನಂಗೆ ಮತ್ತೆ ಶುರು ಮಾಡ್ಬೇಕು ಅನ್ನಿಸ್ತಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ನಾನು ಯಾರಿಗೂ ಹೇಳಿರ್ಲಿಲ್ಲ." ಅವಳು ಏನು ಹೇಳಬೇಕಿತ್ತು? ಶನಿವಾರ ಮರೀಬೇಡ ಅಂದು ಫೋನಿಟ್ಟಳು. ಸಂಜೆ ಮೆಟ್ಟಿಲಿಳಿದರೆ ಶೀನಣ್ಣ ಪೇಪರು ಮಡಿಸಿ, "ಶ್ರೀವಿದ್ಯಾ, ನೀನು ಅವನನ್ನ ಪೂರ್ತಿ ಕೆಡಿಸ್ತೀಯಮ್ಮ," ಅಂತ ಸಂತೋಷದಲ್ಲಿ ಬೈದರು. ಅವಳಿಗೆ ಮಕ್ಕಳಿಲ್ಲ. ಅದನ್ನು ಯಾರೂ ಚುಚ್ಚಿ ಆಡಿದವರಲ್ಲ, ಒಳ್ಳೆಯ ಮನೆ. ಆದರೆ 'ನಿಂದೆಲ್ಲಾ ಅವನಿಗೇ ತಾನೆ' ಅನ್ನುವ ಮಾತನ್ನು ಮಜ್ಜಿಗೆಹುಳಿಯ ಹಾಗೆ ಆಗಾಗ ಬಡಿಸುತ್ತಿದ್ದರು, ಅವಳೂ ಪ್ರೀತಿಯಿಂದಲೇ ತಿನ್ನುತ್ತಿದ್ದಳು. ಒಡವೆ ಅವನ ಹೆಂಡತಿಯಾಗುವವಳಿಗೆ, ಮೇಲಿನ ಮನೆ ಅವನಿಗೆ, ಎಲ್ಲ ಸರಿಯೇ. ಈ ಒಂದು ವಸ್ತು ಮಾತ್ರ ಆ ಪಟ್ಟಿಗೆ ಸೇರುವುದು ಬೇಡವಾಗಿತ್ತು, ಅದು ಅವಳ ಕಣ್ಣೆದುರೇ ಸೇರಿಹೋಗಿತ್ತು.

ಆಟೋ ಮಿನರ್ವ ಸರ್ಕಲ್ಲು ಬಳಸಿ ಮಾವಳ್ಳಿಗೆ ತಿರುಗಿತು. ಇಳಿಯುವಾಗ ವಂಶಿ ಕೈ ಕೊಟ್ಟ, ಅವಳು ಹಿಡಿದುಕೊಂಡಳು.

ಶೆಡ್ಡಿನ ಹೊರಗೆ ಅನಿಲ್ ಕುಮಾರನ ತಾಯಿ ಮುನಿಲಕ್ಷ್ಮಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬಾರಮ್ಮ, ಒಳಗವ್ನೆ," ಅಂದರು. ಒಳಗೆ ಅರ್ಧ ಬೆಳಕು, ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಹಲಗೆಗಳು. ಹಲಗೆಗಳೆಲ್ಲ ಅವನ ತಂದೆ ದೊಡ್ಡಬೈರಪ್ಪ ಸಾಮಿಲ್ಲು ಮುಚ್ಚುವಾಗ ಮಾರದೆ ಉಳಿಸಿದ್ದಂತೆ. ಅನಿಲ್ ಕುಮಾರ್ ಮಾತಿನ ಮಲ್ಲ. ವಂಶಿಯನ್ನು ನೋಡಿದ್ದೇ ತಡ, "ಬನ್ನಿ ಬ್ರದರ್, ನಿಮ್ಮ ಬಗ್ಗೆ ಮೇಡಂ ಎಲ್ಲಾ ಹೇಳಿದಾರೆ," ಅಂತ ಕೈ ಕುಲುಕಿದ. ತಾನು ಎಲ್ಲಾ ಹೇಳಿದ್ದು ಏನು ಅಂತ ನೆನೆದು ಶ್ರೀವಿದ್ಯಾಗೆ ನೆಲ ಬಿರಿದರೆ ಸಾಕು ಅನ್ನಿಸಿತು. ವಂಶಿ ಅವಳ ಕಡೆ ತಿರುಗಿ ಮುಗುಳ್ನಕ್ಕ. ಅವನು ಎಳೆಯವನಾಗಿದ್ದಾಗ ಅವಳ ಮಡಿಲಲ್ಲಿ ಕೂತು ಅಕ್ಷರಾಭ್ಯಾಸದ ಅಕ್ಕಿಯನ್ನೆಲ್ಲ ಚೆಲ್ಲಿ ಹೀಗೇ ನಕ್ಕಿದ್ದ, ಆಗ ಅವನ ಅಮ್ಮ ಬೈಯುವುದಕ್ಕೆ ಬಂದರೆ ಇವಳು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. "ಕೈ ಚಾಚಿ ಬ್ರದರ್," ಅನ್ನುತ್ತಿದ್ದ ಅನಿಲ್ ಕುಮಾರ್. ವಂಶಿಯ ಎಡಗೈಯನ್ನು ಹಲಗೆಯ ಮೇಲೆ ಅಗಲಿಸಿ ಇಡಿಸಿ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ, ಬೆರಳಿನ ಉದ್ದ ನೋಡಿದ, ಹೆಬ್ಬೆರಳಿನ ಬುಡ ಹಿಸುಕಿದ. "ಒಳ್ಳೆ ಕೈ. ನೆಕ್ಕು ದಪ್ಪನಾಗೇ ಇಡ್ಬಹುದು, ಹಿಡಿತ ಸಿಗತ್ತೆ." ಶ್ರೀವಿದ್ಯಾ ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೆರಳ ತುದಿಗಳು ಗಟ್ಟಿಯಾಗಿದ್ದವು, ಅದನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವುದು ಅವಳಿಗೆ ಚಟವಾಗಿತ್ತು. ಸ್ಟಾಫ್ ರೂಮಿನಲ್ಲಿ ಬಿಂದು ಒಂದು ಸಲ ಕೈ ಹಿಡಿದು ನೋಡಿ, "ಏನು ಮೇಡಂ ಇದು, ಪಾತ್ರೆ ನೀವೇ ತೊಳೀತೀರಾ?" ಅಂದಿದ್ದಳು. ಹೂಂ, ಕೆಲಸದವಳು ಬರುತ್ತಿಲ್ಲ ಅಂದಿದ್ದಳು ಶ್ರೀವಿದ್ಯಾ. ಪಾಪ ಬೈರಮ್ಮ ಒಂದು ದಿನವೂ ತಪ್ಪಿಸಿದವಳಲ್ಲ.

ಹೋದ ವರ್ಷ ಗೌರಿಹಬ್ಬಕ್ಕೆ ದೊಡ್ಡ ತಟ್ಟೆ ಇಳಿಸಲು ಅಟ್ಟ ಹತ್ತಿದಾಗ ಸಿಕ್ಕಿದ್ದು ಅದು, ವಂಶಿ ಕಾಲೇಜು ಮುಗಿಸಿ ಕಟ್ಟಿಟ್ಟ ಹಳೇ ಗಿಟಾರು, ಜೊತೆಗೆ ಇಯರ್‌ಫೋನು ಸಿಗಿಸುವ ಸಣ್ಣದೊಂದು ಡಬ್ಬಿ. ಧೂಳು ಒರೆಸಿಟ್ಟರಾಯಿತು ಅಂತ ತೆಗೆದವಳು ಒಂದು ತಂತಿ ಮೀಟಿದಳು. ಏನೂ ಕೇಳಿಸಲಿಲ್ಲ ಅನ್ನಬೇಕು, ಸೊಳ್ಳೆಯಷ್ಟು ಸದ್ದು. ಕಿವಿಗೆ ಇಯರ್‌ಫೋನು ಇಟ್ಟುಕೊಂಡು ಮೀಟಿದಳು. ಆಗ ಕೇಳಿಸಿದ್ದನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ತಂತಿಯ ಆಸೆ ಮೊದಲಿಂದಲೂ ಇತ್ತು. ಕಾಲೇಜಿನ ಲ್ಯಾಬಿನಲ್ಲಿ ಸೋನೋಮೀಟರ್ ಅಂತ ಇರುತ್ತದೆ, ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಬಿಗಿದ ತಂತಿ. ಶ್ರುತಿಕವೆ, ಅದೇ ಟ್ಯೂನಿಂಗ್ ಫೋರ್ಕು, ಬಡಿದು ಪೆಟ್ಟಿಗೆಯ ಮೇಲಿಟ್ಟರೆ ತಂತಿಯ ಮೇಲಿನ ಕಾಗದದ ಚೂರು ಎಗರಿ ಬೀಳಬೇಕು. ಹುಡುಗಿಯರು ಹೋದ ಮೇಲೆ ಅವಳು ಆ ತಂತಿಯನ್ನು ಸುಮ್ಮನೆ ಮೀಟುತ್ತಿದ್ದಳು, ಅಟೆಂಡರು ಬಂದರೆ ಅಳತೆ ನೋಡುವವಳ ಹಾಗೆ ಬಗ್ಗುತ್ತಿದ್ದಳು. ಚಿಕ್ಕವಳಾಗಿದ್ದಾಗ ಸಂಗೀತಪಾಠದ ಮಾಮಿ ಅಮ್ಮನನ್ನು ಒಳಗೆ ಕರೆದು, ಈ ಮಗುವಿಗೆ ಶ್ರುತಿ ನಿಲ್ಲೋದಿಲ್ಲ, ಸುಮ್ಮನೆ ಯಾಕೆ, ಹೊಲಿಗೆಗೆ ಹಾಕಿ ಅಂದಿದ್ದರು. ಹಾಲಿನಲ್ಲಿ ಕೂತ ಹುಡುಗಿಯರಿಗೆಲ್ಲ ಕೇಳಿಸುವ ಹಾಗೆ. ಅವತ್ತಿನಿಂದ ಅವಳು ದೇವರ ಮುಂದೂ ದನಿಯೆತ್ತಿ ಹಾಡಿದವಳಲ್ಲ, ಹೆಣ್ಣುಮಕ್ಕಳೆಲ್ಲ ಆರತಿಗೆ ಹಾಡುವಾಗ ತುಟಿ ಆಡಿಸುತ್ತಾಳೆ ಅಷ್ಟೆ. ಈ ಗಿಟಾರಿನಲ್ಲಿ ನೋಡಿದರೆ ಲೋಹದ ಗೆರೆ ಹಾಕಿ ಸ್ವರಗಳಿಗೆ ಮನೆಗಳನ್ನು ಕಟ್ಟಿಟ್ಟಿದ್ದಾರೆ, ಒತ್ತಿದ ಕಡೆ ಸ್ವರ ನಿಲ್ಲುತ್ತದೆ, ತಪ್ಪಿದರೂ ತನಗೊಬ್ಬಳಿಗೇ ಕೇಳಿಸುತ್ತದೆ. ಇಡೀ ಮನೆಯಲ್ಲಿ ಯಾರಿಗೂ ಗೊತ್ತಾಗದಂಥ ಜಾಗವೊಂದು ಕಿವಿಯೊಳಗೇ ಸಿಕ್ಕ ಹಾಗಾಯಿತು. ಶೇಷಾದ್ರಿ ಮಧ್ಯಾಹ್ನ ಮಲಗಿದಾಗ ಹಿಂದಿನ ಕೋಣೆಗೆ ಹೋಗುವಳು. ಒಂದು ಸಲ ಅವರು ಎದ್ದು ಬಂದು ಬಾಗಿಲಾಚೆಯಿಂದ, "ಏನೇ ಅದು ಟಿಕ್ ಟಿಕ್ ಅಂತ?" ಅಂದರು. "ಗುಂಡಿ ಹೊಲೀತಿದೀನಿ," ಅಂದಳು. "ಆಗ್ಲಿ ಆಗ್ಲಿ," ಅಂತ ಹೋದರು. ಅವರಿಗೆ ಗೊತ್ತಿತ್ತೋ ಏನೋ, ಗೊತ್ತಿದ್ದೂ ಕೇಳದಿರುವಷ್ಟು ಸಜ್ಜನಿಕೆ ಅವರಿಗಿತ್ತು. ಆದರೆ ಆ ಗಿಟಾರು ಕಲ್ಲುಗುಂಡು. ಅದರ ನೆಕ್ಕು ಬಾಗಿ ತಂತಿ ಮೇಲೆದ್ದಿತ್ತು, ಅವಳ ಸಣ್ಣ ಬೆರಳು ಆಚೆ ತಂತಿಗೆ ಎಟುಕುತ್ತಿರಲಿಲ್ಲ, ಸ್ವಲ್ಪ ಹೊತ್ತಿಗೇ ಹಿಡಿದುಕೊಂಡ ಭುಜ ಉರಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಅವನದು. ಎತ್ತಿಕೊಂಡಾಗೆಲ್ಲ ಇನ್ನೊಬ್ಬರ ಊಟದ ಡಬ್ಬಿಗೆ ಕೈ ಹಾಕಿದ ಹಾಗಾಗುತ್ತಿತ್ತು.

"ಮೇಡಂ, ನೀವು ಏನಂತೀರಿ?" ಅನಿಲ್ ಕುಮಾರ್ ಮೂರು ಹಲಗೆಗಳನ್ನು ಬೆಂಚಿಗೆ ಒರಗಿಸಿದ್ದ. ಒಂದು ಬೀಟೆ, ಕಪ್ಪುಗೆಂಪು, ಒದ್ದೆ ಬಟ್ಟೆಯಲ್ಲಿ ಒರೆಸಿದ ತಕ್ಷಣ ಒಳಗಿನ ಗೆರೆಗಳು ಎದ್ದುಬಂದವು. ಇನ್ನೊಂದು ಹಲಸು. ಮೂರನೆಯದು ಪೇಲವ ಕೆಂಪಿನ ಹಲಗೆ, ಅದನ್ನು ಅವನು ತೋರಿಸಲಿಕ್ಕೆ ತಂದದ್ದಲ್ಲ, ಬೀಟೆಗೆ ಅಡ್ಡವಿದ್ದದ್ದನ್ನು ಈಚೆ ಎತ್ತಿಟ್ಟಿದ್ದ. ಎತ್ತುವಾಗ ಒಂದೇ ಕೈಯಲ್ಲಿ ಎತ್ತಿದ್ದನ್ನು ಶ್ರೀವಿದ್ಯಾ ನೋಡಿದಳು.

"ಅದು ಯಾವ್ದು?" ಅಂದಳು.

"ಅದಾ? ಅದು ಹೆಬ್ಬೇವು ಮೇಡಂ. ಪ್ಲೈವುಡ್ಡಿಗೆ ಹೋಗೋ ಮರ. ಹಳೇದು, ಚೆನ್ನಾಗೇ ಒಣಗಿದೆ, ಆದ್ರೆ ಯಾರೂ ಕೇಳಲ್ಲ. ಬ್ರದರ್‌ಗೆ ಅದ್ಯಾಕೆ, ಬೀಟೆ ಇರುವಾಗ?"

"ಬೀಟೆನೇ," ಅಂದ ವಂಶಿ.

ಅನಿಲ್ ಕುಮಾರನದು ಒಂದು ಪದ್ಧತಿ. ಗಿರಾಕಿ ಒಪ್ಪಿದ ಹಲಗೆಗೆ ಎರಡು ಸ್ಕ್ರೂ ಹೊಡೆದು, ಅಗಲವಾದ ಚರ್ಮದ ಪಟ್ಟಿ ಸಿಗಿಸಿ, ನುಡಿಸುವವರ ಹೆಗಲಿಗೆ ತೂಗುಹಾಕುತ್ತಾನೆ. ಅವನ ತಾಯಿ ಕಾಫಿ ಮಾಡಿ ತಂದು, ಕುಡಿದು ಲೋಟ ಕೆಳಗಿಡುವವರೆಗೆ ಹಾಗೇ ನಿಂತಿರಬೇಕು, ಓಡಾಡಬೇಕು, ಇಳಿಸುವ ಹಾಗಿಲ್ಲ. "ಕಣ್ಣು ಎಲ್ಲಾ ಮರಾನೂ ಒಪ್ಕೊಂಡ್ಬಿಡತ್ತೆ," ಅನ್ನುತ್ತಿದ್ದ. "ಹೆಗಲು ಒಪ್ಪಬೇಕು. ಕಾಫಿ ಮುಗಿದ್ಮೇಲೂ ಬೇಕು ಅನ್ಸಿದ್ರೆ ಅದು ನಿಮ್ಮ ಮರ." ವಂಶಿ ಬೀಟೆಯ ಹಲಗೆ ಹೊತ್ತು ನಿಂತ. ಕಾಲು ಅಗಲಿಸಿ, ಎದೆ ಮುಂದೆ ಮಾಡಿ, ಇಲ್ಲದ ತಂತಿಗಳ ಮೇಲೆ ಕೈ ಬೀಸಿದ. ಅವನನ್ನು ನೋಡಿ ಶ್ರೀವಿದ್ಯಾಗೆ ನಿಜವಾಗಿಯೂ ಸಂತೋಷವಾಯಿತು, ಅದೇ ಕಷ್ಟ. ಅಕ್ಕರೆ ಉಕ್ಕಿ ಬಂತು, ಅದರ ಜೊತೆಯಲ್ಲೇ ಹೊಟ್ಟೆಯುರಿಯೂ ಬಂತು, ಮಗನಂಥವನ ಮೇಲೆ. ಥೂ ಅನ್ನಿಸಿತು. ಅವನು ತನ್ನ ಫೋಟೋ ತಾನೇ ತೆಗೆದು ಮನೆಗೆ ಕಳಿಸಿದ, ಕಳಿಸಿದ ಕೂಡಲೇ ಶೀನಣ್ಣನ ಫೋನು ಬಂತು, ವಂಶಿ ಸ್ಪೀಕರಿಗೆ ಹಾಕಿದ. "ಏನೋ ಅದು, ಬಾಗಿಲಿನ ಚೌಕಟ್ಟು ಹೊತ್ಕೊಂಡ ಹಾಗಿದೀಯ," ಅಂತ ನಗುತ್ತಿದ್ದರು. "ಚಿಕ್ಕಮ್ಮನಿಗೆ ಥ್ಯಾಂಕ್ಸ್ ಹೇಳಿದ್ಯೇನೋ? ಶ್ರೀವಿದ್ಯಾ, ಇದೀಯೇನಮ್ಮ ಅಲ್ಲಿ?"

"ಇದೀನಿ ಭಾವ," ಅಂದಳು.

ಮುನಿಲಕ್ಷ್ಮಮ್ಮ ತಟ್ಟೆಯಲ್ಲಿ ಕಾಫಿ ತಂದರು. ಶ್ರೀವಿದ್ಯಾಳ ಕೈಗೆ ಲೋಟ ಕೊಡುತ್ತ, "ನಿಮ್ಮ ಮಗನಾ?" ಅಂದರು.

"ನಮ್ಮ ಭಾವನ ಮಗ."

"ಮತ್ತೆ ನಿಮ್ಮ ಮಗನೇ ಅಲ್ವಾ ಬಿಡಿ. ಯಾವ ಚಿಕ್ಕಮ್ಮ ಮಾಡಿಸ್ಕೊಡ್ತಾಳೆ ಈ ಕಾಲದಲ್ಲಿ." ಒಳ್ಳೆಯ ಮನಸ್ಸಿನಿಂದಲೇ ಅಂದರು. ಕಾಫಿ ಒಳ್ಳೆ ಸ್ಟ್ರಾಂಗಾಗಿತ್ತು, ಶ್ರೀವಿದ್ಯಾಗೆ ರುಚಿ ತಿಳಿಯಲಿಲ್ಲ. ಈಗಲೂ ಏನೂ ಹಾಳಾಗಿಲ್ಲ, ಸುಮ್ಮನಿದ್ದರೆ ಎಲ್ಲರೂ ಸುಖಿಗಳು. ವಂಶಿ ಸುಖಿ, ಭಾವ ಸುಖಿ, ಈ ತಾಯಿ ಸುಖಿ, ತಾನೂ ಇಡೀ ಬೀದಿಯ ಕಣ್ಣಿನಲ್ಲಿ ಧಾರಾಳಿ. ಅವನು ನುಡಿಸದ ದಿನ ಕೇಳಿ ಇಸಿದುಕೊಂಡರಾಯಿತು. ಅಷ್ಟರಲ್ಲಿ, ಕೇಳಿ ಇಸಿದುಕೊಂಡ ಆ ದಪ್ಪ ನೆಕ್ಕಿನ ಭಾರವನ್ನು ಹೊತ್ತು ಹಿಂದಿನ ಕೋಣೆಯಲ್ಲಿ, ಅವನು ಬರುವುದರೊಳಗೆ ತಂತಿ ಒರೆಸಿ ವಾಪಸ್ಸಿಡಬೇಕಾದ ತನ್ನನ್ನು ಕಂಡಳು. ಸಾಯುವವರೆಗೂ ಹಾಗೆಯೇ. ಇನ್ನೊಬ್ಬರ ಹಸಿವಿನ ಹೆಸರಿನಲ್ಲಿ ದೋಸೆ ತಿಂದ ಹಾಗೆ.

ವಂಶಿಯ ಲೋಟ ಖಾಲಿಯಾಯಿತು. "ಒಪ್ತು," ಅಂತ ಹಲಗೆ ಇಳಿಸಿದ. ಅನಿಲ್ ಕುಮಾರ್ ಅದನ್ನು ಬೆಂಚಿನ ಮೇಲೆ ಮಲಗಿಸಿ ರಟ್ಟಿನ ಅಚ್ಚು ಇಟ್ಟು ಪೆನ್ಸಿಲ್ಲು ಕಿವಿಯಿಂದ ತೆಗೆದ. "ಗೆರೆ ಎಳೆದ್ಬಿಟ್ರೆ ಇವತ್ತೇ ಮಿಷನ್ನಿಗೆ ಹಾಕ್ತೀನಿ ಮೇಡಂ. ಆಮೇಲೆ ಬೇರೆ ಬೇಕು ಅಂದ್ರೆ ಆಗಲ್ಲ. ಎಳೀಲಾ?"

ಅವನು ಕೇಳಿದ್ದು ಅವಳನ್ನು. ವಂಶಿಯೂ ಅವಳನ್ನೇ ನೋಡುತ್ತಿದ್ದ.

"ಒಂದ್ನಿಮಿಷ," ಅಂದಳು. "ನಾನೊಂದ್ಸಲ ಹಾಕ್ಕೊಂಡು ನೋಡ್ಲಾ?"

ಇಬ್ಬರೂ ನಕ್ಕರು. ಕೆಟ್ಟ ನಗೆಯಲ್ಲ, ಮನೆಯಲ್ಲಿ ಅಜ್ಜಿ ಕ್ರಿಕೆಟ್ ಬ್ಯಾಟು ಹಿಡಿದಾಗ ನಗುವ ನಗೆ. "ಹಾಕ್ಕೊಳಿ ಮೇಡಂ, ಅದಕ್ಕೇನಂತೆ," ಅಂತ ಅನಿಲ್ ಕುಮಾರ್ ಪಟ್ಟಿಯನ್ನು ಅವಳ ತಲೆಯ ಮೇಲಿಂದ ಇಳಿಸಿದ. ಪಟ್ಟಿ ಸೆರಗಿನ ಪಿನ್ನಿಗೆ ಸಿಕ್ಕಿಕೊಂಡಿತು, ಕೂದಲಿಗೆ ಸಿಕ್ಕಿಕೊಂಡಿತು, ಸೆರಗು ಒಂದು ಕಡೆ ಜಾರಿತು, ಸರಿಮಾಡಿಕೊಳ್ಳಲು ಹೋದರೆ ಹಲಗೆಯ ಅಂಚು ಹೊಟ್ಟೆಗೆ ಒತ್ತಿತು. ಬಾಗಿಲಲ್ಲಿ ಮುನಿಲಕ್ಷ್ಮಮ್ಮ ಅವರೆಕಾಯಿ ಬಿಟ್ಟು ನೋಡುತ್ತ ನಿಂತಿದ್ದರು. ಶ್ರೀವಿದ್ಯಾಳ ಮೈಯೆಲ್ಲ ಹಿಡಿಯಷ್ಟಾಯಿತು. "ಸೂಪರ್ ಚಿಕ್ಕಮ್ಮ, ಹಾಗೇ ಇರು," ಅಂತ ವಂಶಿ ಫೋನು ಎತ್ತಿದ. ಭಾರ ಕತ್ತಿನಿಂದ ಇಳಿದು ಭುಜದ ಒಳಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ನೋವಿಗೋ ಏನೋ, ಎಡಗೈ ತನ್ನಷ್ಟಕ್ಕೆ ತಾನೇ ಮೇಲೆ ಹೋಯಿತು, ನೆಕ್ಕು ಇರಬೇಕಾದ ಖಾಲಿ ಗಾಳಿಯಲ್ಲಿ. ತೋರುಬೆರಳು ನೆಟ್ಟಗೆ ಅಡ್ಡ ಮಲಗಿತು, ಉಳಿದವು ಬಾಗಿ ತಂತಮ್ಮ ಮನೆಗೆ ಹೋಗಿ ಕೂತವು. ಕಲಿಯಲು ಅವಳಿಗೆ ಇಡೀ ಒಂದು ಬೇಸಿಗೆ ಹಿಡಿದ ಕೈಹಿಡಿತ ಅದು. ಫೋಟೋ ತೆಗೆಯುತ್ತಿದ್ದ ವಂಶಿಯ ನಗೆ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಅವನು ಫೋನು ಕೆಳಗಿಳಿಸಿ ಅವಳ ಬೆರಳುಗಳನ್ನು ಬರಿಗಣ್ಣಿನಿಂದ ನೋಡಿದ.

"ಇದು ಬೇಡ," ಅಂದಳು ಶ್ರೀವಿದ್ಯಾ. "ನನ್ನ ಭುಜ ತಡೆಯಲ್ಲ."

"ನಿನ್ ಭುಜ ಯಾಕೆ ತಡೀಬೇಕು ಚಿಕ್ಕಮ್ಮ," ಅಂದ ವಂಶಿ. "ಹೊರೋನು ನಾನಲ್ವಾ?"

"ಅಲ್ಲ. ನಾನು."

ಅನಿಲ್ ಕುಮಾರನಂಥ ಅನಿಲ್ ಕುಮಾರನೂ ಪೆನ್ಸಿಲ್ಲನ್ನು ತಿರುಗಿಸುತ್ತ ನಿಂತ. ವಂಶಿಯ ಮುಖದಲ್ಲಿ ಮೊದಲು ಏನೂ ಆಗಲಿಲ್ಲ, ಆಮೇಲೆ ಕಿವಿ ಕೆಂಪಾಯಿತು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ, ಮತ್ತೆ ತೆಗೆದ, "ಅಪ್ಪಂಗೆ ಫೋಟೋ ಕಳಿಸ್ಬಿಟ್ನಲ್ಲ," ಅಂದ. ಹೇಳುವಾಗ ದನಿ ಒಡೆಯಿತು. ಅವನು ಶೆಡ್ಡಿನಿಂದ ಹೊರಗೆ ಹೋಗಿ ಗೇಟಿನ ಹತ್ತಿರ ಬೆನ್ನು ಹಾಕಿ ನಿಂತ. ಭುಜ ಮತ್ತೆ ಇಳಿದಿತ್ತು.

ಶ್ರೀವಿದ್ಯಾಳ ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದವು ಮಾತುಗಳು. ತಮಾಷೆ ಮಾಡ್ದೆ ಕಣೋ ಅನ್ನಬಹುದಿತ್ತು. ನಿಂಗೂ ಒಂದು ಮಾಡ್ಸೋಣ ಬಾರೋ ಅನ್ನಬಹುದಿತ್ತು, ಅದು ಹೊರಬಿದ್ದರೆ ಅದರ ಹಿಂದೆಯೇ ಮೊದ್ಲು ನಿಂದಾಗ್ಲಿ ಅನ್ನುವುದು ಹೊರಡುತ್ತದೆ, ಆಮೇಲೆ ನಂದೇನು ಅವಸರ ಅನ್ನುವುದು. ಅವೆಲ್ಲ ಎಷ್ಟು ಸಲೀಸಾಗಿ ಬರುತ್ತವೆ ಅಂತ ಅವಳಿಗೆ ಗೊತ್ತು, ಹುಟ್ಟಿದಾರಭ್ಯ ಬಂದಿವೆ. ಹಲ್ಲು ಕಚ್ಚಿ ನಿಂತಳು. ಆ ಹುಡುಗನ ಬೆನ್ನು ನೋಡುತ್ತ ಹಾಗೆ ನಿಲ್ಲುವುದು ಹಲಗೆಯ ಭಾರಕ್ಕಿಂತ ಕಷ್ಟವಾಗಿತ್ತು, ಅಳು ಬಂತು, ನುಂಗಿಕೊಂಡಳು. ಆಮೇಲೆ, "ಇದನ್ನ ಇಳಿಸಿ ಇವರೇ. ಆ ಹೆಬ್ಬೇವು ಹಾಕಿ," ಅಂದಳು.

"ಮೇಡಂ, ಅದು..."

"ಹಗುರ ಇದೆ ತಾನೆ?"

"ಹಗುರ ಏನೋ ಇದೆ." ಅವನು ತಲೆ ಕೆರೆದುಕೊಂಡ. "ಮೊದ್ಲೇ ನಿಮಗೇ ಅಂತ ಹೇಳಿದ್ರೆ ನಾನು ಬೀಟೆ ತೆಗೀತಾನೇ ಇರ್ಲಿಲ್ಲ. ಅಮ್ಮ, ಇನ್ನೊಂದ್ಲೋಟ ಕಾಫಿ ತಗೊಂಬಾ, ಮೊದಲಿಂದ ಶುರು."

ಪಟ್ಟಿಯ ತೂತು ಬದಲಿಸಿ ಗಿಡ್ಡ ಮಾಡಿ ಕೊಟ್ಟ. ಪೇಲವ ಕೆಂಪಿನ ಆ ಹಲಗೆ ಅವಳ ಪಕ್ಕೆಗೆ ಬಂದು ಕೂತಿತು. ಅಂದಚೆಂದ ಏನೂ ಇರಲಿಲ್ಲ, ಒಂದು ಮೂಲೆಯಲ್ಲಿ ಗಂಟು ಬೇರೆ. ಭುಜ ಕಾಯುತ್ತಿತ್ತು, ನೋವು ಬರುತ್ತದೆ ಅಂತ, ಬರಲಿಲ್ಲ. ಮುನಿಲಕ್ಷ್ಮಮ್ಮ ತಂದ ಕಾಫಿಯನ್ನು ಅವಳು ಹಲಗೆ ಹೊತ್ತೇ ನಿಧಾನವಾಗಿ ಕುಡಿದಳು, ಈ ಸಲ ರುಚಿ ಗೊತ್ತಾಯಿತು, ಸಕ್ಕರೆ ಸ್ವಲ್ಪ ಜಾಸ್ತಿ. ವಂಶಿ ಯಾವಾಗಲೋ ಒಳಗೆ ಬಂದು ಬೆಂಚಿಗೆ ಒರಗಿ ನಿಂತಿದ್ದ. ಅವಳ ಕಡೆ ನೇರ ನೋಡುತ್ತಿರಲಿಲ್ಲ.

"ಯಾವಾಗಿಂದ?" ಅಂದ.

"ನಿನ್ನ ಹಳೇದು ಅಟ್ಟದಿಂದ ಇಳಿಸಿದಾಗಿಂದ. ಹೋದ ವರ್ಷದ ಗೌರಿಹಬ್ಬ."

"ನಂಗೊಂದ್ಮಾತು ಹೇಳ್ಬಹುದಿತ್ತು."

"ಹೌದು, ಹೇಳ್ಬೇಕಿತ್ತು. ಮೊದ್ಲೇ ಹೇಳಿದ್ರೆ ನಿಂಗೆ ಹೀಗಾಗ್ತಿರ್ಲಿಲ್ಲ."

ವಂಶಿ ಮರದ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಒಳ್ಳೆಯ ಹುಡುಗ, ಸಿಟ್ಟಿನೊಳಗಿಂದಲೇ ಒಂದು ದಾರಿ ಹುಡುಕುತ್ತಿದ್ದ. "ಚೆನ್ನಾಗಿ ನುಡಿಸ್ತೀಯಾ ಚಿಕ್ಕಮ್ಮ?" ಅಂದ ಕೊನೆಗೆ. ಕೇಳುವಾಗ ಮುಖ ಎತ್ತಿದ. ಅವನಿಗೆ ಏನು ಬೇಕಾಗಿದೆ ಅಂತ ಅವಳಿಗೆ ಅರ್ಥವಾಯಿತು. ಹೂಂ ಅಂದರೆ ಸಾಕು, ಅವನು ಬಿಟ್ಟುಕೊಡುತ್ತಾನೆ, ಖುಷಿಯಿಂದಲೇ ಬಿಟ್ಟುಕೊಡುತ್ತಾನೆ. ನಮ್ಮ ಚಿಕ್ಕಮ್ಮ ಏನ್ ನುಡಿಸ್ತಾಳೆ ಗೊತ್ತಾ ಅಂತ ಮನೆಗೆ ಹೋಗಿ ಅಪ್ಪನಿಗೆ ತಾನೇ ಹೇಳುತ್ತಾನೆ, ಎಲ್ಲರಿಗೂ ಹೇಳಲಿಕ್ಕೊಂದು ಕಾರಣ ಸಿಗುತ್ತದೆ, ಅವಳಿಗೂ. ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ಅವಳು ಹುಡುಗನನ್ನು ನೋಡಿದಳು.

"ಇಲ್ಲ ಕಣೋ. ಚೆನ್ನಾಗೇನೂ ಬರಲ್ಲ," ಅಂದಳು. "ಆದ್ರೂ ನಂಗೆ ಬೇಕು."